ಬೆರಳು ಬೆಳೆಸುವ ತಿಂಗಳು

ನನ್ನ ಕೈ ಯಾವಾಗಲೂ ತಣ್ಣಗಿರುತ್ತದೆ. ಹೇಳಿಕೊಳ್ಳುವಂಥ ಚಿಂತೆಯಲ್ಲ, ಹಾಗಾಗಿ ಯಾರಿಗೂ ಹೇಳಿಲ್ಲ. ಆದರೆ ಪರೀಕ್ಷೆಯ ದಿನ ಕಣ್ಣು ಬಿಟ್ಟ ಕೂಡಲೆ ಬರುವ ಮೊದಲ ಯೋಚನೆ ಅದೇ. ಪರದೆಯ ಹಿಂದೆ ಒಂದೊಂದೇ ಹುಡುಗಿ ಬಂದು ಎರಡೂ ಕೈ ಎತ್ತಿ ನಿಲ್ಲುತ್ತಾಳೆ. ನಾನು ಅವಳ ಕಂಕುಳು, ಸೊಂಟ, ಕಾಲರಿನ ಒಳಭಾಗ ತಡವಿ ನೋಡಬೇಕು, ಚೀಟಿಗೀಟಿ ಇದೆಯೇನೋ ಅಂತ. ನನ್ನ ಬೆರಳು ತಾಗಿದ್ದೇ ಅವಳು ಬೆಚ್ಚುತ್ತಾಳೆ. ಮೊದಲೇ ಹೆದರಿ ಬಂದಿರುತ್ತವೆ, ಅದರ ಮೇಲೆ ನನ್ನದೊಂದು ಹೆದರಿಕೆ ಯಾಕೆ ಹಚ್ಚಬೇಕು? ಅದಕ್ಕೇ ಒಬ್ಬಳು ಹೋಗಿ ಇನ್ನೊಬ್ಬಳು ಬರುವಷ್ಟರಲ್ಲಿ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಿಸಿ ಮಾಡಿಕೊಳ್ಳುತ್ತೇನೆ.

"ಏನೇ ಗೂಬೆ, ಮೊಟ್ಟೆಗೆ ಕಾವು ಕೊಡ್ತಿದೀಯಾ?"

ಪರದೆ ಸರಿಸಿ ತಲೆ ಮಾತ್ರ ಒಳಗೆ ತೂರಿಸಿದ್ದ ಸೀಟಿ. ಪರೀಕ್ಷೆ ನಡೆಸುವ ಗುತ್ತಿಗೆದಾರನ ಮನುಷ್ಯ ಅವನು. ಕೊರಳಲ್ಲಿ ಸದಾ ಒಂದು ಪೀಪಿ ನೇತಾಡುತ್ತಿರುವುದರಿಂದ ನಾವು ತಪಾಸಣೆಯವರು ಇಟ್ಟ ಹೆಸರು ಸೀಟಿ. ಅವನು ನನಗೆ ಇಟ್ಟದ್ದು ಗೂಬೆ. ಒಳಗೆ ಒಬ್ಬಳು ಹುಡುಗಿ ಅಂಗಿಯ ಮೇಲಿನ ಗುಂಡಿ ಬಿಚ್ಚಿ ನಿಂತಿದ್ದಳು. ಹುಡುಗಿ ಇದಾಳೆ, ಆಚೆ ಹೋಗಿ ಸಾರ್, ಅನ್ನಬೇಕು. ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಆ ಹುಡುಗಿಯೇ ಕಾಲರು ಹಿಡಿದುಕೊಂಡು ಗೋಡೆಗೆ ತಿರುಗಿದಳು. ನನ್ನ ಮಾತು ಎಂದಿನ ಹಾಗೆ ಅಲ್ಲೇ ಕೂತಿತು.

"ಅದನ್ನ ಬಿಡು, ಡಾಕ್ಟರ ಮಗಳು. ಗುಂಡಿ ಕತ್ತರಿಸಬೇಡ" ಅಂದ ಸೀಟಿ. "ಮುಂದಿಂದು ಮೀನಿನ ಶೆಡ್ಡಿಂದ ಬಂದಿದೆ. ಅದರ ತೋಳು ಕತ್ತರಿಸು, ಉದ್ದ ಇದೆ. ಕೂದಲೊಳಗೂ ಕೈ ಹಾಕು. ಚೀಟಿ ಸಿಗದಿದ್ರೆ ಹೇನಾದ್ರೂ ಸಿಗತ್ತೆ."

ತೋಳು ಮೊಣಕೈ ದಾಟಬಾರದು, ಗುಂಡಿ ದೊಡ್ಡದಿರಬಾರದು ಅನ್ನುವುದು ಹೊಸ ನಿಯಮ. ಮೇಜಿನ ಮೇಲೆ ನನಗೆ ಅಂತಲೇ ಒಂದು ಕತ್ತರಿ ಇಟ್ಟಿದ್ದರು. ಮೀನು ಸೀಳುವ ಆ ಹುಡುಗಿ ಬಂದು ತೋಳು ಚಾಚಿ ನಿಂತಳು. ಕತ್ತರಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಧಾನಕ್ಕೆ ಅಕ್ಕಾ. ನಮ್ಮತ್ತಿಗೆ ಅಂಗಿ. ವಾಪಸ್ ಕೊಟ್ರೆ ಕತ್ತರಿಸಿದ್ದು ಯಾರು ಅಂತ ಕೇಳ್ತಾಳೆ, ನಿನ್ನ ವಿಳಾಸ ಕೊಡ್ತೀನಿ."

ನಗಬೇಕೋ ಬೇಡವೋ ತಿಳಿಯದೆ ಕತ್ತರಿಸಿದ ತುಂಡನ್ನು ಮಡಿಸಿ ಅವಳ ಕೈಗೇ ಕೊಟ್ಟೆ. ಪದವೀಧರೆ ನಾನು. ಸಂಜೆ ಕಾಲೇಜಿನಲ್ಲಿ ಓದಿ ಪಡೆದ ಪದವಿ. ಪರೀಕ್ಷೆ ಇದ್ದ ದಿನ ಹುಡುಗಿಯರ ಮೈ ತಡವುತ್ತೇನೆ, ಇಲ್ಲದ ದಿನ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹಾಸುಬಟ್ಟೆ ಮಡಿಸುತ್ತೇನೆ.

ಅವತ್ತು ಆ ಸಾಲಿನಲ್ಲಿ ನನ್ನ ತಂಗಿಯೂ ಇದ್ದಳು. ಚಿಕ್ಕಿ. ಈ ಪರೀಕ್ಷೆಯನ್ನು ಮೂರು ಸಲಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ, ಮತ್ತು ಅವಳದು ಮೂರನೆಯ ಸಲ. ಇದರಲ್ಲಿ ಸಿಕ್ಕರೆ ಕಾಲೇಜು. ಸಿಗದಿದ್ದರೆ ಬಟ್ಟೆ ಒಗೆಯುವ ತೊಟ್ಟಿಯೇ ಖಾಯಂ.

ನಮ್ಮ ಮನೆಗೂ ಈ ಪರೀಕ್ಷೆಗೂ ಹಳೆಯ ಜಗಳ.

ಮೊದಲು ಬರೆದವಳು ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ. ಅವಳ ಕಾಲದಲ್ಲಿ ಪರೀಕ್ಷೆಯೆಂದರೆ ಒಂದು ಪ್ರಬಂಧ, ಆಮೇಲೆ ಮೂರು ಜನ ಗಂಡಸರ ಮುಂದೆ ನಿಂತು ಬಾಯಲ್ಲಿ ಉತ್ತರ ಹೇಳುವುದು. ಪ್ರಬಂಧಕ್ಕೆ ಕೊಟ್ಟ ವಿಷಯ 'ನಮ್ಮ ಮನೆಯ ತೋಟ'.

"ನಮಗೆಲ್ಲಿತ್ತೇ ತೋಟ" ಅನ್ನುತ್ತಾಳೆ ದೊಡ್ಡಮ್ಮ ಇವತ್ತಿಗೂ. "ಬಟ್ಟೆ ಒಣಗಿಸೋ ಅಂಗಳ ಇತ್ತು. ಅದನ್ನೇ ಬರೆದೆ. ಬಿಳೀ ಹಾಸುಬಟ್ಟೆ ಸಾಲುಸಾಲಾಗಿ ಅರಳ್ತವೆ, ಗಾಳಿ ಬಂದ್ರೆ ತೊನೆದಾಡ್ತವೆ, ಸಂಜೆ ಕಿತ್ಕೋತೀವಿ, ಇದೇ ನಮ್ಮ ತೋಟ ಅಂತ. ಮೂರು ಜನ ಕೂತಿದ್ರಲ್ಲ, ಬೋಳಿಮಕ್ಕಳು, ಅದರಲ್ಲಿ ನಡುವಿನವನು ಗಟ್ಟಿಯಾಗಿ ಓದಿದ. ಮಿಕ್ಕಿಬ್ಬರು ನಕ್ಕರು. ಎಲ್ಲಿ ನಿನ್ನ ಕೈ ತೋರಿಸು ಮಗೂ ಅಂದ. ತೋರಿಸ್ದೆ. ಈ ಕೈಗೆ ಪೆನ್ನು ಭಾರ ಆಗತ್ತೆ, ಹೋಗು ಅಂದ."

ಇಷ್ಟು ಹೇಳಿ ಅವಳು ತಡೆಯುತ್ತಾಳೆ. ನಾವು ಕೇಳಲೇಬೇಕು, ಆಮೇಲೇನಾಯಿತು ಅಂತ.

"ಆಮೇಲೇನು, ಅವನ ಕೋಟಿನ ತೋಳಲ್ಲಿ ಒಂದು ಶಾಯಿ ಕಲೆ ಇತ್ತು, ನೋಡಿ ಇಟ್ಕೊಂಡಿದ್ದೆ. ಸ್ವಲ್ಪ ದಿನಕ್ಕೆ ಅದೇ ಕೋಟು ನಮ್ಮ ತೊಟ್ಟಿಗೆ ಬಂತು. ಕಲೆ ತೆಗೀಲಿಲ್ಲ ನಾನು. ಇನ್ನೊಂದಿಷ್ಟು ಅಗಲ ಮಾಡಿ, ಗಂಜಿ ಹಾಕಿ, ಇಸ್ತ್ರಿ ಹೊಡೆದು ಕಳಿಸ್ದೆ."

ಆಮೇಲೆ ಆ ಮೂರು ಜನ ಹೋದರು. ಮುಖ ನೋಡಿ ಅಂಕ ಹಾಕುವುದು ಅನ್ಯಾಯ ಅಂತ ದೊಡ್ಡವರಿಗೆ ಅನ್ನಿಸಿತಂತೆ. ಪ್ರಬಂಧವೂ ಹೋಯಿತು, ಬಾಯಿಪರೀಕ್ಷೆಯೂ ಹೋಯಿತು. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದರ ಮುಂದಿನ ಸೊನ್ನೆಯನ್ನು ಕಪ್ಪು ಮಾಡಬೇಕು, ಯಂತ್ರ ತಿದ್ದುತ್ತದೆ. ಯಂತ್ರಕ್ಕೆ ಒಗೆಯುವವಳ ಮಗಳು ಯಾರು, ವಕೀಲನ ಮಗಳು ಯಾರು ಅಂತ ಗೊತ್ತಾಗುವುದಿಲ್ಲ. ಅಮ್ಮ ಇದನ್ನು ಕೇಳಿ ಅಂಗಳದ ತುಂಬ ಹೇಳಿಕೊಂಡು ಬಂದಿದ್ದಳು. ನಾನು ಬರೆದದ್ದು ಆ ಕಾಲದಲ್ಲಿ.

ಒಂದು ಪ್ರಶ್ನೆ ಹೀಗಿತ್ತು: ಗುಂಪಿಗೆ ಸೇರದ್ದು ಯಾವುದು? ಹಾಸುಬಟ್ಟೆ, ದಿಂಬಿನ ಗವಸು, ಟವೆಲು, ಮೇಜಿನ ಹಾಸು. ಓದಿದ ಕೂಡಲೆ ಮನಸ್ಸು ಹಗುರಾಯಿತು. ನಮ್ಮನೆ ಪ್ರಶ್ನೆ ಬಂತಲ್ಲ ಅಂತ. ಯೋಚನೆಯನ್ನೂ ಮಾಡದೆ ಟವೆಲಿನ ಮುಂದಿನ ಸೊನ್ನೆ ಕಪ್ಪು ಮಾಡಿದೆ. ಒಂದೊಂದು ತಪ್ಪು ಉತ್ತರಕ್ಕೂ ಬಂದ ಅಂಕದಿಂದ ಕಾಲು ಅಂಕ ಕಿತ್ತುಕೊಳ್ಳುವ ನಿಯಮ ಆಗ ಇತ್ತು. ನಾನು ಕೂದಲೆಳೆಯಷ್ಟರಲ್ಲಿ ಹೊರಗುಳಿದೆ.

ಸರಿಯುತ್ತರಗಳು ಪ್ರಕಟವಾದ ದಿನ ದೊಡ್ಡಮ್ಮ ಅಂಗಳದಲ್ಲಿ ನಿಂತು ಎಲ್ಲರನ್ನೂ ಕೇಳಿದಳು. ತೊಟ್ಟಿಯ ಹೆಂಗಸರು, ಹಿಂಡುವವರು, ಮಡಿಸುವವರು, ಎಲ್ಲರೂ ಒಂದೇ ಬಾಯಲ್ಲಿ ಟವೆಲು ಅಂದರು. ಟವೆಲಿಗೆ ಗಂಜಿ ಇಲ್ಲ, ಇಸ್ತ್ರಿ ಇಲ್ಲ. ಮಿಕ್ಕ ಮೂರಕ್ಕೂ ಇದೆ. ಇದರಲ್ಲಿ ಕೇಳುವುದೇನು?

"ಅಲ್ಲವಂತೆ ಕಣ್ರೇ. ಮೇಜಿನ ಹಾಸಂತೆ ಸರಿಯುತ್ತರ."

"ಯಾಕಂತೆ?" ಅಂದಳು ಗಂಜಿ ಅತ್ತೆ. ಅವಳು ಗಂಜಿ ಕಾಯಿಸುವವಳು, ನಮ್ಮ ಸಾಲಿನಲ್ಲೇ ಬಾಯಿ ಜೋರು.

"ಅದು ಊಟದ ಕೋಣೇಲಿರತ್ತಂತೆ. ಮಿಕ್ಕಿದ್ದೆಲ್ಲ ಮಲಗೋ ಕೋಣೆ ಕಡೇಲಿರತ್ತಂತೆ."

ಗಂಜಿ ಅತ್ತೆ ಸೌಟು ಎತ್ತಿ ಹಿಡಿದಳು. "ಉಣ್ಣೋಕೊಂದು, ಮಲಗೋಕೊಂದು. ಹೇಲೋಕೆಷ್ಟು ಇಟ್ಕೊಂಡಿದಾರಂತೆ?"

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಒಣಗುತ್ತಿದ್ದ ಹಾಸುಬಟ್ಟೆಗಳ ನಡುವೆ ಹೋಗಿ ನಿಂತೆ. ಅಲ್ಲಿ ನಿಂತರೆ ಯಾರಿಗೂ ಕಾಣುವುದಿಲ್ಲ.

ಚಿಕ್ಕಿಯ ಸರದಿ ಬರುವ ಹೊತ್ತಿಗೆ ಪರೀಕ್ಷೆ ಮತ್ತೆ ಮಗ್ಗುಲು ಬದಲಾಯಿಸಿತ್ತು. ತಪ್ಪಿಗೆ ಅಂಕ ಕಿತ್ತುಕೊಳ್ಳುವುದು ಬಡವರ ಮಕ್ಕಳನ್ನು ಹೆದರಿಸುತ್ತದೆ ಅಂತ ಆ ನಿಯಮ ತೆಗೆದುಹಾಕಿದರು. ತೆಗೆದದ್ದು ದುಡ್ಡು ಕೊಟ್ಟು ತರಬೇತಿಗೆ ಹೋಗುವವರಿಗೆ ಗೊತ್ತಾಯಿತು. ಅವರು ಗೊತ್ತಿಲ್ಲದ್ದಕ್ಕೂ ಕಣ್ಣುಮುಚ್ಚಿ ಸೊನ್ನೆ ತುಂಬಿ ಬಂದರು. ಚಿಕ್ಕಿಯ ಶಾಲೆಯಲ್ಲಿದ್ದದ್ದು ಹಳೆಯ ಪುಸ್ತಕ, ಹಳೆಯ ಮೇಷ್ಟ್ರು. ಗೊತ್ತಿಲ್ಲದ್ದನ್ನು ಮುಟ್ಟಬೇಡಿ, ಇದ್ದದ್ದೂ ಹೋಗುತ್ತದೆ ಅಂತ ಅವರು ಹೇಳಿಕೊಟ್ಟಿದ್ದರು. ಅವಳು ಮುಟ್ಟದೆ ಬಿಟ್ಟು ಬಂದಳು. ಮೊದಲನೆಯ ಸಲ ಹೋಯಿತು.

ಎರಡನೆಯ ಸಲಕ್ಕೆ ಕಾಗದವೇ ಹೋಗಿ ಕಂಪ್ಯೂಟರು ಬಂದಿತ್ತು. ಅದರಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಎಡವಿದವರಿಗೆ ಎರಡನೆಯ ಭಾಗದಲ್ಲಿ ಸುಲಭದ ಪ್ರಶ್ನೆ ಕೊಡುತ್ತದೆ. ಸುಲಭದ ಪ್ರಶ್ನೆಗೆ ಅಂಕ ಕಡಿಮೆ. ಚಿಕ್ಕಿ ಅಲ್ಲಿಯವರೆಗೆ ಮೌಸು ಹಿಡಿದವಳಲ್ಲ. ಅದರ ಬಾಣವನ್ನು ಬೇಕಾದ ಕಡೆ ನಿಲ್ಲಿಸುವುದು ಕಲಿಯುವಷ್ಟರಲ್ಲಿ ಮೊದಲ ಭಾಗ ಮುಗಿದಿತ್ತು. ಎರಡನೆಯದು ಸಲೀಸಾಯಿತು. ಗೇಟಿನಿಂದ ಓಡಿ ಬಂದು ನನ್ನನ್ನು ತಬ್ಬಿಕೊಂಡಿದ್ದಳು. "ಸಿಕ್ಕಾಪಟ್ಟೆ ಸುಲಭ ಇತ್ತು ಕಣಕ್ಕಾ, ಎಲ್ಲಾ ಬಂತು" ಅಂದಿದ್ದಳು.

ಫಲಿತಾಂಶ ಬಂದ ಮೇಲೆ ನಾನು ಅಮ್ಮನಿಗೆ ಬಿಡಿಸಿ ಹೇಳಬೇಕಾಯಿತು. ಅಮ್ಮ ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಕೇಳಿದಳು.

"ಅಂದ್ರೆ, ಮೊದಲ ತುತ್ತಿಗೆ ಕೆಮ್ಮಿದ್ಲು ಅಂತ ಆಮೇಲೆ ಬರೀ ನೀರು ಬಡಿಸಿದ್ರಾ?"

"ಹೂಂ."

"ಅದನ್ನ ಇದು ಮನಸ್ಸು ತುಂಬಿ ಕುಡಿದು ಬಂತಾ?"

"ಹೂಂ."

"ಥೂ ಇವರ ಮುಖಕ್ಕಿಷ್ಟು" ಅಂದು ಅಮ್ಮ ಬಟ್ಟೆ ಹಿಂಡಿದಳು. ಒಂದು ಹನಿ ಉಳಿಯದ ಹಾಗೆ.

ಈ ವರ್ಷ ಹೊಸದಾಗಿ ಬಂದದ್ದು ಬೆರಳು. ದುಡ್ಡಿದ್ದವರು ಕೆಲವರು ತಮ್ಮ ಮಕ್ಕಳ ಬದಲು ಬೇರೆಯವರನ್ನು ಕೂರಿಸಿ ಪರೀಕ್ಷೆ ಬರೆಸಿದ್ದರಂತೆ. ಅದು ಸಿಕ್ಕಿಬಿದ್ದು, ಇನ್ನು ಮೇಲೆ ಎಲ್ಲರೂ ಯಂತ್ರದ ಮೇಲೆ ಬೆರಳೊತ್ತಿ, ಹಿಂದೆ ಗುರುತಿನ ಚೀಟಿಗೆ ಕೊಟ್ಟ ಬೆರಳಚ್ಚಿನ ಜೊತೆ ತಾಳೆ ಮಾಡಿಸಿ, ತಾನು ತಾನೇ ಅಂತ ತೋರಿಸಿ ಒಳಗೆ ಹೋಗಬೇಕು ಅಂತಾಯಿತು.

ಅದನ್ನು ಓದಿ ಹೇಳಿದಾಗ ತೊಟ್ಟಿಯ ಹೆಂಗಸರು ತಮ್ಮ ತಮ್ಮ ಬೆರಳು ನೋಡಿಕೊಂಡರು. ಆ ಯಂತ್ರ ನಮಗೆ ಗೊತ್ತು. ಕಾರ್ಖಾನೆಯ ಧಣಿ ಒಮ್ಮೆ ಹಾಜರಿ ಹಾಕಲು ಅಂಥದೊಂದನ್ನು ತಂದು ಬಾಗಿಲಿಗೆ ಬಡಿದಿದ್ದ. ದಿನವಿಡೀ ಸೋಡಾ ನೀರಿನಲ್ಲಿ, ಬಿಳುಪಿನ ಪುಡಿಯಲ್ಲಿ ಅದ್ದಿದ ಕೈಗಳಿಗೆ ಗೆರೆ ಎಲ್ಲಿರುತ್ತದೆ? ತೊಟ್ಟಿಯ ಹೆಂಗಸರ ಬೆರಳ ತುದಿ ಬೆಣಚುಕಲ್ಲಿನಷ್ಟು ನುಣುಪು. ಅದು ಒಬ್ಬರನ್ನೂ ಗುರುತು ಹಿಡಿಯಲಿಲ್ಲ. "ಮಿಷನ್ ಪ್ರಕಾರ ನೀವ್ಯಾರೂ ಇನ್ನೂ ಹುಟ್ಟೇ ಇಲ್ಲ" ಅಂದು ಧಣಿ ಅದನ್ನು ಕಿತ್ತು ವಾಪಸ್ಸು ಕಳಿಸಿ, ಹಳೆಯ ತಗಡಿನ ಬಿಲ್ಲೆಗಳನ್ನೇ ಹಂಚಿದ್ದ.

"ಬೆಳೆಸೋಣ" ಅಂದಳು ದೊಡ್ಡಮ್ಮ.

"ಏನನ್ನ?"

"ಬೆರಳನ್ನ. ಬಾಣಂತನಕ್ಕೆ ಹೋಗಿ ಬಂದೋರ ಕೈ ನೋಡಿಲ್ವಾ? ನೀರು ಬಿಟ್ರೆ ಗೆರೆ ವಾಪಸ್ ಬರತ್ತೆ. ಒಂದು ತಿಂಗಳು ಇವಳು ತೊಟ್ಟಿಗೆ ಕೈ ಹಾಕೋದು ಬೇಡ."

ಹಾಗೆ ಶುರುವಾಯಿತು. ಚಿಕ್ಕಿಯ ಪಾಲಿನ ಬಟ್ಟೆಯನ್ನು ತೊಟ್ಟಿಯ ಹೆಂಗಸರು ಹಂಚಿಕೊಂಡರು. ಹಂಚಿಕೊಂಡೆವು ಅಂತ ಯಾರೂ ಹೇಳಲಿಲ್ಲ, ಅವಳ ರಾಶಿ ಮಾತ್ರ ಬೆಳಗಾಗುತ್ತಲೇ ಕರಗಿ ಹೋಗುತ್ತಿತ್ತು. ಅವಳು ಒಣಬಟ್ಟೆ ಹೊತ್ತಳು, ಗಂಟುಗಳಿಗೆ ದಾರ ಕಟ್ಟಿದಳು, ಮಡಿಸಿದಳು. ಮಧ್ಯಾಹ್ನ ಬಿಸಿಲಿಗೆ ಕೂತಾಗ ದೊಡ್ಡಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಸೂರ್ಯನಿಗೆ ಹಿಡಿದು, ಎಣ್ಣೆ ಸವರಿ, ಸಸಿಯ ಮಡಿ ನೋಡುವವಳ ಹಾಗೆ ನೋಡುತ್ತಿದ್ದಳು. "ಹೆಬ್ಬೆಟ್ಟಿಗೆ ಬಂತು ಕಣೇ. ತೋರುಬೆರಳು ಸ್ವಲ್ಪ ಸೋಮಾರಿ."

ಧಣಿಗೆ ಕಾಣದೆ ಹೋಗುತ್ತದೆಯೇ. "ಏನಮ್ಮಾ ಮಹಾರಾಣಿ, ಕೈಗೆ ಮುತ್ತು ಕಟ್ಟಿದೀಯಾ? ನೀರಿಗೆ ಇಳಿಯಲ್ಲ ಅಂತೀಯಂತೆ" ಅಂತ ತೊಟ್ಟಿಯ ಮುಂದೆ ಬಂದು ನಿಂತ.

ಗಂಜಿ ಅತ್ತೆ ತಲೆ ಎತ್ತದೆ ಹೇಳಿದಳು: "ಅವಳ ರಾಶಿ ಒಣಗ್ತಾ ಇದೆ ನೋಡಿ ಧಣಿ. ನಿಮಗೆ ಬಟ್ಟೆ ಬಿಳಿ ಆಗಬೇಕಾ, ಅವಳ ಕೈ ಬೇಯಬೇಕಾ? ಯಾವುದಕ್ಕೆ ಕೂಲಿ ಕೊಡ್ತೀರಿ ಹೇಳಿಬಿಡಿ."

ಅವನು ಹೋದ. ಹೋಗುವಾಗ ಒಣಗಿದ ಒಂದು ಹಾಸುಬಟ್ಟೆಯನ್ನು ಎಳೆದು ನೆಲಕ್ಕೆ ಬಿಸಾಡಿ ಹೋದ. ಆ ಹಾಸುಬಟ್ಟೆ ಚಿಕ್ಕಿ ಸೇರಬೇಕೆಂದಿದ್ದ ಕಾಲೇಜಿನ ಹಾಸ್ಟೆಲಿನದೇ. ಅಲ್ಲಿಯ ಬಟ್ಟೆಯೆಲ್ಲ ಒಗೆಯುವುದು ನಾವೇ, ದೊಡ್ಡಮ್ಮನ ಕಾಲದಿಂದ. ಪರೀಕ್ಷೆಯ ಕೇಂದ್ರವೂ ಆ ಕಾಲೇಜೇ.

ಪರೀಕ್ಷೆಯ ಹಿಂದಿನ ದಿನ ನಮ್ಮನ್ನು, ಅಂದರೆ ತಪಾಸಣೆಯವರನ್ನು, ಮನೆಗೆ ಬಿಡಲಿಲ್ಲ. ಫೋನು ಕಿತ್ತುಕೊಂಡು ಅಲ್ಲೇ ಬೆಂಚುಗಳ ಮೇಲೆ ಮಲಗಿಸಿದರು. ಹಾಗಾಗಿ ಬೆಳಿಗ್ಗೆ ಪರದೆ ಸರಿಸಿಕೊಂಡು ಬಂದ ಚಿಕ್ಕಿಯನ್ನು ನಾನು ಒಂದಿಡೀ ದಿನದ ಮೇಲೆ ನೋಡಿದ್ದು.

ಬಿಳಿಯ ಅಂಗಿ ಹಾಕಿದ್ದಳು. ತಿಳಿ ಬಣ್ಣದ್ದೇ ಆಗಬೇಕು ಅಂತ ನಿಯಮ. ಅಂಗಿ ಕಣ್ಣು ಕುಕ್ಕುವ ಹಾಗಿತ್ತು. ಎರಡೂ ಕೈ ಎತ್ತಿ ನಿಂತಳು. ಅವಳ ಅಂಗೈ ಕಂಡವು, ಬೆಂದ ಹಾಗೆ ಕೆಂಪಗೆ. ಬೆರಳ ತುದಿಯಲ್ಲಿ ಹೊಸ ಚರ್ಮ ಕೆನೆಯ ಹಾಗೆ ಸುಲಿದು ಎದ್ದಿತ್ತು.

"ಏನಿದು?"

"ಜೇಬಿನ ಹತ್ರ ತುಕ್ಕಿನ ಕಲೆ ಇತ್ತು ಕಣಕ್ಕಾ. ನಿನ್ನೆ ಸಂಜೆ ನೋಡ್ದೆ."

"ಅದಕ್ಕೆ?"

"ಅದಕ್ಕೇನು, ತೆಗೆದೆ." ಅವಳ ಕಣ್ಣು ನೆಲ ನೋಡಿತು. "ನಾವು ಒಗೆದ ಬಟ್ಟೆ ಹಾಕ್ಕೊಂಡಿರೋರ ಮುಂದೆ ನಾನು ಕಲೆ ಅಂಗಿ ಹಾಕ್ಕೊಂಡು ಹೋಗಲಾ?"

"ರಬ್ಬರು ಕೈಗವಸು ಇತ್ತಲ್ಲೇ."

"ಗವಸು ಹಾಕ್ಕೊಂಡ್ರೆ ಕಲೆ ಬೆರಳಿಗೆ ಸಿಗತ್ತಾ?"

ಸಿಗುವುದಿಲ್ಲ. ಅದು ನನಗೂ ಗೊತ್ತು. ಕಲೆ ಹೋಯಿತೋ ಇಲ್ಲವೋ ಅಂತ ನಮ್ಮವರು ಕಣ್ಣಿನಲ್ಲಿ ನೋಡುವುದಿಲ್ಲ, ಬೆರಳಿನಲ್ಲಿ ನೋಡುತ್ತಾರೆ. ಒಂದು ತಿಂಗಳು ಇಡೀ ಅಂಗಳ ಸೇರಿ ಬೆಳೆಸಿದ್ದನ್ನು ಅವಳು ಒಂದು ಸಂಜೆಯಲ್ಲಿ ಉಜ್ಜಿ ಕಳೆದಿದ್ದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ, ಅಮ್ಮನೂ ಮಾಡುತ್ತಿದ್ದಳು.

"ಹೋಗು" ಅಂದೆ. "ಹೆಬ್ಬೆಟ್ಟು ಮೊದಲು ಒತ್ತು. ಹಗುರಾಗಿ ಒತ್ತು."

ಕಾರಿಡಾರಿನ ಕೊನೆಯಲ್ಲಿ ಕಂಪ್ಯೂಟರು ಕೋಣೆಯ ಗಾಜಿನ ಬಾಗಿಲು. ಅದರ ಪಕ್ಕದಲ್ಲಿ ಬೆರಳಿನ ಯಂತ್ರ ಇಟ್ಟುಕೊಂಡು ಒಬ್ಬ ಕೂತಿದ್ದ. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಚಿಕ್ಕಿ ಒತ್ತಿದಳು. ಕೆಂಪು ದೀಪ. ಬೆರಳಿನವನು ಬಟ್ಟೆ ಕೊಟ್ಟ, ಒರೆಸಿಕೊಂಡು ಒತ್ತಿದಳು. ಕೆಂಪು. ಎಡಗೈ. ಕೆಂಪು.

"ಇದರ ಬೆರಳು ಬೋಳು ಸಾರ್" ಅಂತ ಕೂಗಿದ ಅವನು. "ಆ ಮೀನಿಂದು ಒಂದು ಹಾಗೇ ಇದೆ, ಬರೀ ಗಾಯ. ಎರಡನ್ನೂ ಬದಿಗೆ ನಿಲ್ಲಿಸಿದೀನಿ."

ಸೀಟಿ ದಾಪುಗಾಲು ಹಾಕಿಕೊಂಡು ಹೋದ. "ಯಾರ ಬದಲು ಬರಿಯೋಕೆ ಬಂದಿದೀರೇ ಇಬ್ಬರೂ? ಎಷ್ಟು ಕೊಟ್ರು?"

"ನನ್ನ ಫೋಟೋ ಇದೆ ಸಾರ್, ನೋಡಿ" ಅಂದಳು ಚಿಕ್ಕಿ.

"ಫೋಟೋ ನನ್ನಜ್ಜಿದೂ ಇರತ್ತೆ. ಬೆರಳಿಲ್ಲದ ದರಿದ್ರಗಳಿಗೆ ಕಾಲೇಜು ಬೇರೆ ಕೇಡು."

ಮೀನಿನ ಹುಡುಗಿ ಕತ್ತರಿಸಿದ ತೋಳಿನ ತುಂಡನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. "ನನ್ನ ಬೆರಳು ಮೀನಿನ ಮುಳ್ಳು ತಿಂತು. ಇವಳ್ದು ಸೋಪು ತಿಂತು. ನಿಂದು ಯಾವ ನಾಯಿ ತಿನ್ನತ್ತೋ ನೋಡ್ತೀನಿ ಬೋಳಿಮಗನೆ."

ಸೀಟಿಯ ಮುಖ ಕಪ್ಪಿಟ್ಟಿತು. ಹುಡುಗಿಯರನ್ನು ಗಂಡಸರು ಮುಟ್ಟಬಾರದು ಅಂತ ನಿಯಮ. ಅಷ್ಟು ಮಾತ್ರ ಅವನಿಗೆ ನೆನಪಿತ್ತು. ಪೀಪಿ ಊದಿ ನನ್ನನ್ನು ಕರೆದ. "ಏ ಗೂಬೆ, ಬಾ ಇಲ್ಲಿ. ಈ ಎರಡು ಹೊಲಸನ್ನ ಗೇಟಿನಾಚೆ ಹಾಕು."

ನಾನು ಹೋದೆ. ಚಿಕ್ಕಿ ನನ್ನನ್ನು ನೋಡಿದಳು. ಅಕ್ಕ ಅನ್ನಲಿಲ್ಲ. ಕೇಂದ್ರದಲ್ಲಿ ಕೆಲಸ ಮಾಡುವವರ ಮನೆಯವರು ಅಲ್ಲೇ ಬರೆಯಬಾರದು ಅನ್ನುವುದು ನಮಗೆ ತಿಳಿದದ್ದು ನಾನು ಕೇಂದ್ರಕ್ಕೆ ಹೊರಡುವ ಹಿಂದಿನ ರಾತ್ರಿ, ಆಗ ಅವಳಿಗೆ ಕೊಟ್ಟ ಕೇಂದ್ರವನ್ನು ಬದಲಿಸುವ ಹಾಗಿರಲಿಲ್ಲ. ಅವಳು ನನ್ನ ಕೆಲಸ ಉಳಿಸಲು ಯಾರೋ ಅಪರಿಚಿತಳನ್ನು ನೋಡುವ ಹಾಗೆ ನೋಡುತ್ತಿದ್ದಳು. ತುಟಿ ಕಚ್ಚಿಕೊಂಡಿದ್ದಳು.

ಅಷ್ಟರಲ್ಲಿ ಮುಖ್ಯ ಮೇಡಂ ಬಂದರು. ಆ ಕಾಲೇಜಿನವರೇ. ಬಾಗಿಲಿಗೆ ಅಂಟಿಸುವ ಮೊಹರಿನ ಕಾಗದ ಅವರ ಕೈಯಲ್ಲಿತ್ತು. ಬಾಗಿಲು ಮುಚ್ಚಿ ಅದನ್ನು ಅಂಟಿಸಿದ ಮೇಲೆಯೇ ಒಳಗಿನ ಕಂಪ್ಯೂಟರುಗಳಿಗೆ ಪ್ರಶ್ನೆಗಳು ಬರುತ್ತವೆ. ಅವರು ಬೈಯುವವರಲ್ಲ. ತುಂಬ ಮೆತ್ತಗೆ ಮಾತಾಡಿದರು.

"ನೋಡಮ್ಮ, ಹಿಂದೆ ಮುಖ ನೋಡಿ ಸೀಟು ಕೊಡ್ತಿದ್ರು. ಅದು ತಪ್ಪು ಅಂತ ನಾವೇ ಹೋರಾಡಿ ತೆಗೆಸಿದ್ವಿ. ಕೈಬರಹ ನೋಡೋದು ಬಿಟ್ವಿ. ತಪ್ಪಿಗೆ ಅಂಕ ಕಳೆಯೋದು ಬಿಟ್ವಿ. ಇಷ್ಟೆಲ್ಲ ಬದಲಾಯಿಸಿದ್ದು ಯಾರಿಗೋಸ್ಕರ? ನಿಮ್ಮಂಥ ಮಕ್ಕಳಿಗೋಸ್ಕರ ತಾನೇ? ಈಗ ಒಂದು ಬೆರಳು ಒತ್ತಿ ಅಂತೀವಿ, ಅಷ್ಟೇ. ಬೆರಳು ಎಲ್ಲರಿಗೂ ಇರತ್ತಲ್ಲ."

"ನನಗೂ ಇದೆ ಮೇಡಂ" ಅಂದಳು ಚಿಕ್ಕಿ.

"ಮುಂದಿನ ವರ್ಷ ಕಣ್ಣು ನೋಡೋ ಮಿಷನ್ ಬರತ್ತಂತೆ. ಆಗ ಬಾ."

"ಮುಂದಿನ ವರ್ಷ ನನಗಿಲ್ಲ ಮೇಡಂ. ಇದೇ ಕೊನೇದು."

"ನಿಯಮ ನಾನು ಮಾಡಿದ್ದಲ್ಲಮ್ಮ" ಅಂದು ಮೇಡಂ ನನ್ನ ಕಡೆ ತಿರುಗಿದರು. "ಕರ್ಕೊಂಡು ಹೋಗು. ಹೊತ್ತಾಯ್ತು."

ನಾನು ಒಂದು ಕೈಯಲ್ಲಿ ಚಿಕ್ಕಿಯ ತೋಳು ಹಿಡಿದೆ, ಇನ್ನೊಂದರಲ್ಲಿ ಮೀನಿನ ಹುಡುಗಿಯ ತೋಳು. ಗೇಟು ಎಡಕ್ಕಿತ್ತು. ನನ್ನ ಕಾಲು ಎಡಕ್ಕೆ ತಿರುಗಲಿಲ್ಲ. ಧೈರ್ಯ ಮಾಡಿದೆ ಅಂತ ಹೇಳಲಾರೆ. ಒಂದು ತಿಂಗಳು ಈ ಬೆರಳುಗಳಿಗೆ ಎಣ್ಣೆ ಸವರಿ, ಈಗ ಅಂಗಳದಲ್ಲಿ ಕಾಯುತ್ತಿರುವ ದೊಡ್ಡಮ್ಮನಿಗೆ ಈ ಹುಡುಗಿಯನ್ನು ಹೇಗೆ ಒಪ್ಪಿಸುವುದು ಅನ್ನುವುದು ತೋಚಲಿಲ್ಲ, ಅಷ್ಟೇ. ಗಾಜಿನ ಬಾಗಿಲಿನ ಹೊಸ್ತಿಲವರೆಗೆ ಹೋಗಿ, ಅದರ ಮೇಲೆ ಕೂತುಬಿಟ್ಟೆ.

ಬಾಗಿಲು ಮುಚ್ಚಲು ಬಂದ ಸೀಟಿ ನನ್ನನ್ನು ನೋಡಿ ಒಂದು ಕ್ಷಣ ನಗಲೆಂದೇ ಬಾಯಿ ತೆರೆದ. ಆಮೇಲೆ, "ಏಳೇ ಮುಂಡೆ" ಅಂದ. ನಾನು ಏಳಲಿಲ್ಲ. ಬಾಗಿಲನ್ನು ನೂಕಿದ. ಅದರ ಅಂಚು ನನ್ನ ಭುಜಕ್ಕೆ ಬಡಿಯಿತು. ಇನ್ನೊಮ್ಮೆ ನೂಕಿದ. ಮೀನಿನ ಹುಡುಗಿ ನನ್ನ ಪಕ್ಕ ಜಾಗ ಮಾಡಿಕೊಂಡು ಕೂತು, ಬಾಗಿಲಿಗೆ ಎರಡೂ ಪಾದ ಕೊಟ್ಟಳು. ಒಳಗೆ ಸಾಲುಸಾಲಾಗಿ ಕೂತವರು ಕತ್ತು ತಿರುಗಿಸಿ ನೋಡುತ್ತಿದ್ದರು. "ನಮ್ಮ ಟೈಮ್ ಹೋಗ್ತಿದೆ" ಅಂತ ಯಾರೋ ಅಂದರು. ಡಾಕ್ಟರ ಮಗಳು ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು.

ಚಿಕ್ಕಿ ಮಾತ್ರ ನಿಂತೇ ಇದ್ದಳು. ಬಗ್ಗಿ ನನ್ನ ತೋಳು ಎಳೆದಳು. "ಏಳಕ್ಕಾ. ನಿನ್ನ ಕೆಲಸ ಹೋಗತ್ತೆ, ಏಳು."

"ಅಕ್ಕನಾ?" ಅಂದ ಸೀಟಿ. "ಓ, ಮನೆಮಂದಿಯೆಲ್ಲ ಸೇರಿ ಕಟ್ಟಿದ ನಾಟಕ. ನೋಡಿ ಮೇಡಂ, ಕಳ್ಳಮುಂಡೇವು. ಪೊಲೀಸ್ ಕರೀರಿ. ಇದಕ್ಕೆ ಕೂಲಿ ಬೇರೆ ಕೊಡ್ತಿದ್ವಿ."

ಮೇಡಂ ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಮೊಹರಿನ ಕಾಗದದ ಅಂಟು ಅವರ ಬೆರಳಿಗೇ ಅಂಟಿಕೊಳ್ಳುತ್ತಿತ್ತು. ನನ್ನ ಮುಂದೆ ಮೊಣಕಾಲು ಮಡಿಸಿ ಕೂತರು. ಅವರ ಮುಖ ಅಷ್ಟು ಹತ್ತಿರ ಬಂತು.

"ನೀನು ಓದಿದ ಹುಡುಗಿ ಥರ ಕಾಣ್ತೀಯ. ನೀನೇ ಹೇಳಮ್ಮ. ಬೆರಳಚ್ಚೇ ಇಲ್ಲ ಅಂದ್ರೆ ಇವಳು ಇವಳೇ ಅಂತ ನಾನು ಹೇಗೆ ನಂಬಲಿ?"

ಎಲ್ಲರೂ ಕಾಯುತ್ತಿದ್ದರು. ಗಂಟಲಲ್ಲಿ ಮಾತು ಬಂದು ನಿಂತಿತು, ಯಾವಾಗಲೂ ಬಂದು ನಿಲ್ಲುವ ಜಾಗದಲ್ಲೇ. "ಬಾಯಿ ಬಿದ್ದುಹೋಯ್ತೇನೇ ಗೂಬೆ" ಅಂದ ಸೀಟಿ. ಚಿಕ್ಕಿಯ ಕೈ ನನ್ನ ತೋಳಿನ ಮೇಲೇ ಇತ್ತು, ಬಿಸಿಯಾಗಿ, ಸುಲಿದು. ನಾನು ಆ ಕೈಯನ್ನು ತೆಗೆದು ಮೇಡಂ ಕಣ್ಣ ಮುಂದೆ ಅಗಲಿಸಿ ಹಿಡಿದೆ.

"ಇವಳ ಬೆರಳಚ್ಚು ನಿಮ್ಮ ಹಾಸ್ಟೆಲಿನ ಹಾಸುಬಟ್ಟೆಗಳ ಮೇಲಿದೆ ಮೇಡಂ" ಅಂದೆ. ನನ್ನ ದನಿ ಕಾರಿಡಾರಿನ ಆಚೆ ತುದಿಯವರೆಗೂ ಕೇಳಿಸಿತು. "ಒಂದೊಂದರ ಮೇಲೂ ಇದೆ. ಹೋಗಿ ನೋಡ್ಕೊಂಡು ಬನ್ನಿ. ಅಲ್ಲೀವರೆಗೂ ನಾನು ಇಲ್ಲೇ ಕೂತಿರ್ತೀನಿ."